ಕೊರಿಯಾ ಕಂಪನಿ ಗೂಡ್ಸ್ ಗಾಡಿ ತರುವುದಾದರೆ ಗ್ಯಾರೇಜು ಚಿಂತಾಮಣಿಗೂ ಬರಲಿ

ಮಾನ್ಯ ಸಂಪಾದಕರೇ,

ಕೊರಿಯಾದ ಕಾರು ಕಂಪನಿಗಳ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಈ ತಿಂಗಳು ಎಷ್ಟು ಕಾರು ಮಾರಾಟವಾಯಿತು, ಎಷ್ಟು ಹಡಗು ಹತ್ತಿತು, ಹೊಸ ಮಾಡೆಲ್‌ನಲ್ಲಿ ಮೇಲಿನ ಗಾಜು ತೆರೆಯುತ್ತದೋ ಇಲ್ಲವೋ, ಎಲ್ಲಾ ಬರುತ್ತದೆ. ಅದೇ ಕಂಪನಿಗಳು ಲಾರಿ, ಬಸ್ಸು, ಸಣ್ಣ ಗೂಡ್ಸ್ ಗಾಡಿಗಳನ್ನೂ ಮಾಡುತ್ತವೆ, ಅವನ್ನು ಹೊರದೇಶಗಳಲ್ಲಿ ದಶಕಗಳಿಂದ ಮಾರುತ್ತಿವೆ ಅನ್ನುವ ವಿಷಯ ಮಾತ್ರ ಯಾರೂ ಬರೆಯುವುದಿಲ್ಲ. ನಮ್ಮ ಜಿಲ್ಲೆಗೆ ಇದು ಬೇಕಾದ ವಿಷಯ. ಅದಕ್ಕೇ ಪತ್ರ ಸ್ವಲ್ಪ ಉದ್ದವಾದರೂ ಬರೆಯುತ್ತಿದ್ದೇನೆ, ಜಾಗ ಕೊಡಿ.

ನಾನು ಚಿಂತಾಮಣಿ ತಾಲ್ಲೂಕಿನವನು. ಒಂದು ಪಿಕಪ್ ಇಟ್ಟುಕೊಂಡು ಟೊಮೆಟೊ, ತರಕಾರಿ, ಕೆಲವು ಸಲ ರೇಷ್ಮೆಗೂಡು ಬಾಡಿಗೆ ಹೊಡೆಯುತ್ತೇನೆ. ಮನೆಯಲ್ಲಿ ಅಣ್ಣ ಬೇಸಾಯ ನೋಡಿಕೊಳ್ಳುತ್ತಾನೆ. ಹಾಗಾಗಿ ಬೆಳೆಯುವವರ ಕಷ್ಟವೂ ಗೊತ್ತು, ಸಾಗಿಸುವವರ ಕಷ್ಟವೂ ಗೊತ್ತು.

ಮೊದಲು ನಾವು ಎಲ್ಲಿದ್ದೇವೆ ಅನ್ನುವುದನ್ನು ನೋಡಿ. ಬಾಗೇಪಲ್ಲಿ ದಾಟಿ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಸುಮಾರು ಒಂದು ಗಂಟೆ ಹೋದರೆ ಪೆನುಕೊಂಡದ ಹತ್ತಿರ ಕಿಯಾ ಕಾರ್ಖಾನೆ. 2017ರಲ್ಲಿ ಒಪ್ಪಂದ ಆಯಿತು, 2019ರ ಆಗಸ್ಟ್‌ನಲ್ಲಿ ಮೊದಲ ಸೆಲ್ಟೋಸ್ ಹೊರಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ಉದ್ಘಾಟನೆಯೂ ಆಯಿತು. ವರ್ಷಕ್ಕೆ 3 ಲಕ್ಷ ಕಾರು ಮಾಡುವ ಸಾಮರ್ಥ್ಯ. ಆಂಧ್ರ ಸರ್ಕಾರ ಆ ಒಣ ಜಾಗಕ್ಕೆ ಗೊಲ್ಲಪಲ್ಲಿ ಜಲಾಶಯದ ನೀರು ಕೊಟ್ಟು ಕಂಪನಿ ಕರೆದುಕೊಂಡು ಬಂತು. ನೀರಿಗಾಗಿ ಇಷ್ಟು ವರ್ಷ ಹೋರಾಡುತ್ತಿರುವ ಚಿಕ್ಕಬಳ್ಳಾಪುರ, ಕೋಲಾರದವರಿಗೆ ಇದನ್ನು ಕೇಳಿದರೆ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಕಡೆ ತಮಿಳುನಾಡಿನ ಶ್ರೀಪೆರಂಬುದೂರು. ಹುಂಡೈ ಅಲ್ಲಿ 1996ರಲ್ಲೇ ಬೇರು ಬಿಟ್ಟಿತು, 1998ರಲ್ಲಿ ಸ್ಯಾಂಟ್ರೋ ತಂದಿತು. ಅಲ್ಲಿಂದ ಹೊರದೇಶಕ್ಕೆ ಹೋದ ಕಾರುಗಳ ಲೆಕ್ಕ 2020ರ ಆರಂಭಕ್ಕೇ 30 ಲಕ್ಷ ಮುಟ್ಟಿತ್ತು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ರಸ್ತೆ ಹೊಸಕೋಟೆಯಿಂದ ಹೊರಟು ಮಾಲೂರು, ಬಂಗಾರಪೇಟೆ, ಬೇತಮಂಗಲದ ಕಡೆಯಿಂದ ಸಾಗಿ ಕೊನೆಗೆ ಸೇರುವುದೂ ಅದೇ ಶ್ರೀಪೆರಂಬುದೂರಿಗೆ. ಅಂದರೆ ಕಿಯಾ ಮತ್ತು ಹುಂಡೈ ಒಂದೇ ಮನೆಯ ಎರಡು ಕಂಪನಿ, ಅವುಗಳ ದೊಡ್ಡ ಕಾರ್ಖಾನೆಗಳು ನಮ್ಮ ಎರಡು ಪಕ್ಕದಲ್ಲಿವೆ. ಹೊಸ ಕಾರುಗಳನ್ನು ಎರಡು ಅಂತಸ್ತಿನಲ್ಲಿ ಹೊತ್ತ ಉದ್ದನೆಯ ಟ್ರೈಲರ್‌ಗಳು ನಮ್ಮ ಹೆದ್ದಾರಿಯಲ್ಲೇ ಹೋಗುತ್ತವೆ. ಅದೇ ರಸ್ತೆಯಲ್ಲಿ ಟೊಮೆಟೊ ಹೊತ್ತು ನಾವೂ ಹೋಗುತ್ತೇವೆ. ನಮ್ಮ ಕೈಲಿರುವ ಗೂಡ್ಸ್ ಗಾಡಿಗಳಲ್ಲಿ ಕೊರಿಯಾದ್ದು ಒಂದೂ ಇಲ್ಲ.

ಗಾಡಿ ಮಾಡಲು ಅವರಿಗೆ ಬರುವುದಿಲ್ಲವೇ ಅಂದರೆ, ಚೆನ್ನಾಗಿ ಬರುತ್ತದೆ. ಹುಂಡೈಗೆ ಪೋರ್ಟರ್ ಅಂತ ಒಂದು ಟನ್ನಿನ ಸಣ್ಣ ಲಾರಿ ಇದೆ. ಕೊರಿಯಾದಲ್ಲಿ ತರಕಾರಿ ಮಾರುವವನು, ಗಾರೆ ಕೆಲಸದವನು, ಮನೆ ಸಾಮಾನು ಸಾಗಿಸುವವನು, ಬೇಸಾಯಗಾರ ಎಲ್ಲರೂ ಅದನ್ನೇ ಇಟ್ಟುಕೊಂಡಿರುತ್ತಾರೆ. 2022ರಲ್ಲಿ ಆ ದೇಶದಲ್ಲಿ ಅತಿ ಜಾಸ್ತಿ ಮಾರಾಟವಾದ ಗಾಡಿ ಈ ಪೋರ್ಟರ್, ಒಂದೇ ವರ್ಷದಲ್ಲಿ 92 ಸಾವಿರಕ್ಕೂ ಮೇಲೆ. ಕಾರು, ಎಸ್‌ಯುವಿ ಎಲ್ಲಾ ಅದರ ಹಿಂದೆ. ಹೊರದೇಶಗಳಲ್ಲಿ ಇದನ್ನೇ ಎಚ್-100 ಅನ್ನುವ ಹೆಸರಲ್ಲಿ ಮಾರುತ್ತಾರೆ. ಪಾಕಿಸ್ತಾನದ ಫೈಸಲಾಬಾದ್‌ನಲ್ಲಿ ಸ್ಥಳೀಯ ಪಾಲುದಾರರ ಜೊತೆ ಸೇರಿ ಅಲ್ಲೇ ಜೋಡಿಸುತ್ತಾರೆ. ಕಿಯಾದ್ದು ಬೊಂಗೊ ಅಂತ, ಅದೂ ಇದೇ ತೂಕದ ಗಾಡಿ. ದೊಡ್ಡ ಲಾರಿ, ಬಸ್ಸುಗಳಿಗೆ ಕೊರಿಯಾದ ಜೊಂಜು ಪಟ್ಟಣದಲ್ಲಿ 1995ರಿಂದ ಬೇರೆ ಕಾರ್ಖಾನೆಯೇ ಇದೆ.

ಕಿಯಾ ಬದುಕಿ ಉಳಿದಿದ್ದೇ ಗೂಡ್ಸ್ ಗಾಡಿಯಿಂದ. ಸೈಕಲ್ ಬಿಡಿಭಾಗ ಮಾಡುತ್ತಾ ಶುರುವಾದ ಕಂಪನಿ ಅದು. 1962ರಲ್ಲಿ ಮೂರು ಚಕ್ರದ ಗೂಡ್ಸ್ ಗಾಡಿ ತಂದಿತು. 1981ರಲ್ಲಿ ಕೊರಿಯಾ ಸರ್ಕಾರ ಕಂಪನಿಗಳಿಗೆ ಕೆಲಸ ಹಂಚುವಾಗ ನೀನು ಕಾರು ಮಾಡಬೇಡ, ಸಣ್ಣ ಲಾರಿ ವ್ಯಾನು ಮಾಡು ಅಂದಿತು. ಆಗ ಕಂಪನಿಯನ್ನು ಎತ್ತಿ ನಿಲ್ಲಿಸಿದ್ದು ಬೊಂಗೊ. 1997ರಲ್ಲಿ ದಿವಾಳಿಯಾಗಿ, ಮಾರನೇ ವರ್ಷ ಹುಂಡೈ ಅದನ್ನು ತೆಗೆದುಕೊಂಡ ಮೇಲೆ ಈಗಿನ ಕಿಯಾ ಆಯಿತು.

ಹುಂಡೈ ಕಟ್ಟಿದ ಚುಂಗ್ ಜು-ಯುಂಗ್ ರೈತನ ಮಗ. ಅಪ್ಪ ಹಸು ಮಾರಿದ ದುಡ್ಡು ತೆಗೆದುಕೊಂಡು ಊರು ಬಿಟ್ಟು ಸಿಯೋಲ್‌ಗೆ ಓಡಿ ಹೋದವರು. ಅಕ್ಕಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಸೈಕಲ್ ಮೇಲೆ ಅಕ್ಕಿ ಮೂಟೆ ಹೊತ್ತು ಮನೆಮನೆಗೆ ಹಾಕಿದರು. 1940ರಲ್ಲಿ ಒಂದು ಗ್ಯಾರೇಜು ಹಿಡಿದರು, ಗಾಡಿ ರಿಪೇರಿ ಮಾಡಿ ಮೇಲೆ ಬಂದರು. 1967ರಲ್ಲಿ ಕಾರು ಕಂಪನಿ. 1998ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, 1001 ಹಸು ಎತ್ತುಗಳನ್ನು ಲಾರಿಗಳಲ್ಲಿ ಹತ್ತಿಸಿ ಗಡಿ ದಾಟಿಸಿ ತಾನು ಹುಟ್ಟಿದ ಉತ್ತರ ಕೊರಿಯಾಕ್ಕೆ ಕೊಟ್ಟು ಬಂದರು, ಜೂನ್‌ನಲ್ಲಿ 500, ಅಕ್ಟೋಬರ್‌ನಲ್ಲಿ 501. ಅಪ್ಪನ ಒಂದು ಹಸುವಿನ ಋಣ ತೀರಿಸಿದ್ದು. ನನಗೆ ಈ ಮನುಷ್ಯನ ಮೇಲೆ ನಿಜವಾಗಿ ಗೌರವ ಇದೆ. ಗಾಡಿ ಕೆಟ್ಟು ನಿಂತರೆ ಬಾಡಿಗೆಯವನ ಗತಿ ಏನು ಅನ್ನುವುದು ಗ್ಯಾರೇಜು ನಡೆಸಿದ ಆತನಿಗೆ ಗೊತ್ತಿಲ್ಲದೇ ಇರುತ್ತದೆಯೇ?

ನಾನು ಹೇಳಬೇಕು ಅಂತಿರುವುದೂ ಅದೇ. ಕೊರಿಯಾ ಕಂಪನಿ ನಮ್ಮ ದೇಶದಲ್ಲಿ ಗೂಡ್ಸ್ ಗಾಡಿಗೆ ಕೈ ಹಾಕುವ ಸೂಚನೆ ಈಗ ಕಾಣುತ್ತಿದೆ. 2025ರ ಜನವರಿಯಲ್ಲಿ ದೆಹಲಿಯ ಭಾರತ್ ಮೊಬಿಲಿಟಿ ಮೇಳದಲ್ಲಿ ಹುಂಡೈಯವರು ಟಿವಿಎಸ್ ಜೊತೆ ಸೇರಿ ಎಲೆಕ್ಟ್ರಿಕ್ ಮೂರು ಚಕ್ರದ ಗಾಡಿ, ಒಂದು ಪುಟ್ಟ ನಾಲ್ಕು ಚಕ್ರದ ಗಾಡಿ ಎರಡರ ಮಾದರಿ ತೋರಿಸಿದರು. ವಿನ್ಯಾಸ ಕೊರಿಯಾದವರದ್ದು, ತಯಾರಿಸಿ ಮಾರುವುದು ಟಿವಿಎಸ್ ಅನ್ನುವ ಮಾತು ಆಗ ಬಂತು. ಟಿವಿಎಸ್ ಕಾರ್ಖಾನೆ ಇರುವುದು ಹೊಸೂರಿನಲ್ಲಿ, ಮಾಲೂರಿಗೆ ಎಷ್ಟು ದೂರ ಹೇಳಿ. ಮಳೆ ನೀರು ನಿಂತ ರಸ್ತೆಯಲ್ಲಿ ಗಾಡಿಯ ಮೈಯನ್ನು ಸ್ವಲ್ಪ ಎತ್ತರಿಸಿಕೊಳ್ಳುವ ವ್ಯವಸ್ಥೆ ಇದೆ, ಒಳಗೆ ನೆಲ ಸಮತಟ್ಟಾಗಿದೆ, ಸೀಟು ಮಡಚಬಹುದು ಅಂದರು. ಒಳ್ಳೆಯದೇ. ಆದರೆ ಅಲ್ಲಿ ಮಾತೆಲ್ಲಾ ಸಿಟಿಯದು. ಊರೊಳಗೆ ಜನ ಕರೆದುಕೊಂಡು ಹೋಗುವುದು, ಪಾರ್ಸಲ್ ಮನೆಗೆ ತಲುಪಿಸುವುದು. ತಾಲ್ಲೂಕಿನಲ್ಲಿ ಲೋಡ್ ಹೇಗಿರುತ್ತದೆ ಅಂತ ಆ ವಿನ್ಯಾಸ ಮಾಡಿದವರು ಯಾರನ್ನಾದರೂ ಕೇಳಿದರಾ? ನಾನು ಹೇಳುತ್ತೇನೆ, ಬೇಕಾದರೆ ಬರೆದುಕೊಳ್ಳಲಿ.

ಟೊಮೆಟೊ ಬಾಕ್ಸು 15 ಕೆಜಿ. ಒಂದೂವರೆ ಟನ್ ಪಿಕಪ್ ಅಂದರೆ ಲೆಕ್ಕಕ್ಕೆ ನೂರು ಬಾಕ್ಸು, ಮುಕ್ಕಾಲು ಟನ್ನಿನ ಸಣ್ಣ ಗಾಡಿ ಅಂದರೆ ಐವತ್ತು. ಲೆಕ್ಕದ ಮಾತು ಇದು. ಸೀಸನ್‌ನಲ್ಲಿ ಎಷ್ಟು ಹತ್ತಿಸುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಅದು ಸರಿ ಅಂತ ನಾನು ಹೇಳುತ್ತಿಲ್ಲ, ಆದರೆ ಗಾಡಿ ಮಾಡುವವನಿಗೆ ಅದು ಗೊತ್ತಿರಬೇಕು. ಬೆಳಗಿನ ಜಾವ ತೋಟದ ಬದುವಿನ ಮೇಲೆ ಗಾಡಿ ನಿಲ್ಲಿಸಿ, ಬ್ಯಾಟರಿ ಬೆಳಕಿನಲ್ಲಿ ಬಾಕ್ಸು ಜೋಡಿಸುತ್ತಾರೆ. ಬಾಕ್ಸಿನ ಅಂಚು ಬಾಕ್ಸಿನ ಮೇಲೆ ಕೂರಬೇಕು. ಆಸೆಗೆ ಬಿದ್ದು ಅಂಚಿಗಿಂತ ಮೇಲೆ ತುಂಬಿದರೆ ಮೇಲಿನ ಬಾಕ್ಸಿನ ತಳ ಕೆಳಗಿನ ಕಾಯಿಯನ್ನು ಒತ್ತುತ್ತದೆ. ಹಿಂದಿನ ಪಟ್ಟಿಗೆ, ಅಂದರೆ ಭಾರ ಹೊರುವ ಸ್ಪ್ರಿಂಗಿಗೆ, ಒಂದೆರಡು ಪ್ಲೇಟ್ ಜಾಸ್ತಿ ಹಾಕಿಸಿದ ಗಾಡಿಯಾದರೆ ಭಾರ ತಡೆಯುತ್ತದೆ, ಆದರೆ ಗುಂಡಿಗೆ ಇಳಿದಾಗ ಎತ್ತೆತ್ತಿ ಹಾಕುತ್ತದೆ. ಹೆಬ್ಬೆರಳಲ್ಲಿ ಒತ್ತಿದಂತೆ ಕಾಯಿಯ ಮೇಲೆ ಗುರುತು ಬೀಳುತ್ತದೆ, ಮಂಡಿಗೆ ಹೋಗುವಷ್ಟರಲ್ಲಿ ಕೆಳಗಿನ ಸಾಲಿನಿಂದ ರಸ ಸೋರುತ್ತಿರುತ್ತದೆ. ಹರಾಜು ಕೂಗುವವನು ಬಾಕ್ಸು ಎತ್ತಿ ನೋಡುವುದೂ ಇಲ್ಲ, ಗಾಡಿಯ ಕೆಳಗೆ ತೊಟ್ಟಿಕ್ಕುವುದನ್ನು ನೋಡಿಯೇ ಬೆಲೆ ಇಳಿಸುತ್ತಾನೆ. ಭಾರ ತಡೆಯಬೇಕು, ಮೆತ್ತಗೂ ಹೋಗಬೇಕು, ಇವೆರಡೂ ಒಟ್ಟಿಗೆ ಇರುವ ಸಣ್ಣ ಗಾಡಿ ಇವತ್ತಿಗೂ ನಮಗೆ ಸಿಕ್ಕಿಲ್ಲ. 2023ರ ಜುಲೈನಲ್ಲಿ ಬಾಕ್ಸಿಗೆ 2000 ರೂಪಾಯಿ ದಾಟಿದ್ದು ನೆನಪಿದೆಯಲ್ವಾ? ಆಗ ಹತ್ತು ಬಾಕ್ಸು ಜಜ್ಜಿದರೆ ಇಪ್ಪತ್ತು ಸಾವಿರದ ಮಾಲು ಹಾಳು.

ಇನ್ನು ಟ್ರಾಲಿಯ ಎತ್ತರ. ನೆಲದಿಂದ ಜಾಸ್ತಿ ಎತ್ತರ ಇದ್ದರೆ ಹಮಾಲಿಯವನ ಸೊಂಟ ಬೀಳುತ್ತದೆ. ತೀರಾ ತಗ್ಗಿದ್ದರೆ ಮಳೆ ಬಂದ ತೋಟದ ದಾರಿಯಲ್ಲಿ ಗಾಡಿ ಹೊಟ್ಟೆ ತಾಗಿ ನಿಲ್ಲುತ್ತದೆ. ಮೈ ಎತ್ತರಿಸಿಕೊಳ್ಳುವ ಆ ವ್ಯವಸ್ಥೆ ಸಿಟಿಯ ನೀರಿಗಿಂತ ನಮ್ಮ ಕೆಸರು ದಾರಿಗೇ ಜಾಸ್ತಿ ಉಪಯೋಗ. ತುಂಬುವಾಗ ತಗ್ಗಿಸಿ, ಹೊರಡುವಾಗ ಎತ್ತರಿಸುವ ಹಾಗೆ ಮಾಡಿದರೆ ನಮ್ಮವರು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತಾರೆ. ಆದರೆ ಅದು ಸಾವಿರ ಲೋಡ್ ಆದ ಮೇಲೂ ಕೆಲಸ ಮಾಡಬೇಕು.

ಎಲೆಕ್ಟ್ರಿಕ್ ಅಂದ ಕೂಡಲೇ ಆಗಲ್ಲ ಅನ್ನುವವರ ಪೈಕಿ ನಾನಲ್ಲ. ಡೀಸೆಲ್ ಬೆಲೆ ಕೊಟ್ಟು ಸಾಕಾಗಿದೆ. ಆದರೆ ಎಲ್ಲಿ ಆಗುತ್ತದೆ, ಎಲ್ಲಿ ಆಗಲ್ಲ ಅನ್ನುವುದನ್ನು ನೇರವಾಗಿ ಹೇಳಬೇಕು. ಪೋರ್ಟರ್‌ನ ಎಲೆಕ್ಟ್ರಿಕ್ ಗಾಡಿ 2019ರ ಕೊನೆಯಲ್ಲಿ ಬಂತು. ಒಂದು ಸಲ ಚಾರ್ಜ್ ಮಾಡಿದರೆ 211 ಕಿಲೋಮೀಟರ್ ಅಂತ ಕಂಪನಿ ಹೇಳಿತು. ಕೊರಿಯಾದಲ್ಲಿ 2024ರಿಂದ ಪಾರ್ಸಲ್ ಸಾಗಿಸಲು ಹೊಸ ಡೀಸೆಲ್ ಸಣ್ಣ ಲಾರಿಗೆ ಅನುಮತಿ ಇಲ್ಲ. ಪೋರ್ಟರ್ ಡೀಸೆಲ್ ನಿಲ್ಲಿಸಿ ಗ್ಯಾಸು ಮತ್ತು ಎಲೆಕ್ಟ್ರಿಕ್ ಎರಡರಲ್ಲೇ ಮಾರುತ್ತಿದ್ದಾರೆ. ಅಲ್ಲೂ ಎಲೆಕ್ಟ್ರಿಕ್ ಒಂದೇ ಸಾಕು ಅಂತ ಅವರು ಅಂದುಕೊಳ್ಳಲಿಲ್ಲ ನೋಡಿ, ಗ್ಯಾಸೂ ಇಟ್ಟರು. ಲೋಡ್ ಹಾಕಿ ಏರು ಹತ್ತಿದರೆ ಬ್ಯಾಟರಿ ಬೇಗ ಇಳಿಯುತ್ತದೆ, ಬ್ಯಾಟರಿಯ ತೂಕವೇ ಬಾಕ್ಸುಗಳ ಜಾಗ ತಿನ್ನುತ್ತದೆ. ಚಿಂತಾಮಣಿಯಿಂದ ಚೆನ್ನೈ ಕೊಯಂಬೇಡು ಮಾರ್ಕೆಟ್ಟಿಗೆ ರಾತ್ರೋರಾತ್ರಿ ಹೋಗುವ ಕ್ಯಾಂಟರ್‌ಗೆ ಸದ್ಯಕ್ಕೆ ಡೀಸೆಲ್ಲೇ ಗತಿ.

ಆಗುವ ಕಡೆ ಎಷ್ಟೋ ಇದೆ. ಹಾಲಿನ ರೂಟ್ ನೋಡಿ. ಹಳ್ಳಿಯ ಡೇರಿಯಿಂದ ಶೀತಲ ಕೇಂದ್ರಕ್ಕೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ವರ್ಷವಿಡೀ ಅದೇ ದಾರಿ, ಅದೇ ಕಿಲೋಮೀಟರ್. ಕ್ಯಾನುಗಳ ತೂಕವೂ ಹೆಚ್ಚು ಕಡಿಮೆ ಅಷ್ಟೇ. ಮಧ್ಯಾಹ್ನ ಗಾಡಿ ಸುಮ್ನೆ ನಿಂತಿರುತ್ತದೆ, ಆಗ ಚಾರ್ಜ್ ಮಾಡಬಹುದು. ಎಲೆಕ್ಟ್ರಿಕ್ ಗೂಡ್ಸ್ ಗಾಡಿಗೆ ಇದಕ್ಕಿಂತ ಹೇಳಿ ಮಾಡಿಸಿದ ಕೆಲಸ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಸುತ್ತಲಿನ ಹಳ್ಳಿಗಳಿಂದ ಗೂಡು ಬರುವುದೂ ಹಾಗೇ. ತೂಕ ಕಡಿಮೆ, ದೂರ ಕಡಿಮೆ, ಆದರೆ ಹೊತ್ತಿಗೆ ಸರಿಯಾಗಿ ತಲುಪಬೇಕು. ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಗೆ ಬರುವ ಗುಲಾಬಿ, ಸೇವಂತಿ ಕೂಡ ಅಷ್ಟೇ. ಕೊರಿಯಾದವರು ಬೆಂಗಳೂರಿನ ಪಾರ್ಸಲ್ ಹುಡುಗರ ಹಿಂದೆ ಹೋಗುವ ಬದಲು ಒಂದು ವಾರ ಈ ರೂಟ್‌ಗಳಲ್ಲಿ ಹಾಲಿನ ಗಾಡಿ ಹತ್ತಿ ಓಡಾಡಲಿ, ನಾವೇ ಊಟ ಹಾಕುತ್ತೇವೆ.

ಆದರೆ ಒಂದು ಷರತ್ತು. ಅದಕ್ಕೇ ಈ ಪತ್ರ ಬರೆದಿದ್ದು.

ನಮ್ಮ ಚಿಕ್ಕಪ್ಪನ ಮಗ ಒಂದು ಎಲೆಕ್ಟ್ರಿಕ್ ಗೂಡ್ಸ್ ಆಟೋ ತೆಗೆದುಕೊಂಡ. ಯಾವ ಕಂಪನಿ ಅಂತ ಬರೆಯುವುದಿಲ್ಲ, ಕೊರಿಯಾದ್ದಂತೂ ಅಲ್ಲ. ಓಡುವಷ್ಟು ದಿನ ಚೆನ್ನಾಗೇ ಓಡಿತು, ಅವನೂ ಎಲ್ಲರ ಮುಂದೆ ಹೊಗಳಿದ. ಒಂದು ದಿನ ಹೂವಿನ ಲೋಡ್ ಹಾಕಿಕೊಂಡು ಹೊರಟಾಗ ದಾರಿಯಲ್ಲಿ ನಿಂತುಬಿಟ್ಟಿತು. ಕೀ ಹಾಕಿದರೆ ಪರದೆಯ ಮೇಲೆ ಒಂದು ಕೆಂಪು ಗುರುತು, ಅಷ್ಟೇ. ನಮ್ಮೂರಿನ ಮೇಸ್ತ್ರಿ ಬಂದು ನೋಡಿದ. ಡೀಸೆಲ್ ಗಾಡಿಯಾದರೆ ಶಬ್ದ ಕೇಳಿಯೇ ಹೇಳುವವನು, ಇದರ ಮುಚ್ಚಳ ತೆಗೆಯಲೂ ಹೆದರಿದ. ಬಿಚ್ಚಿದರೆ ವಾರಂಟಿ ಹೋಗುತ್ತದೆ ಅಂತ ಸ್ಟಿಕ್ಕರ್ ಅಂಟಿಸಿದ್ದರು. ಶೋರೂಮಿಗೆ ಫೋನ್ ಮಾಡಿದರೆ ಬೆಂಗಳೂರಿಗೆ ತನ್ನಿ ಅಂದರು. ಬೇರೆ ಗಾಡಿ ಮೇಲೆ ಹಾಕಿಸಿ ಕಳಿಸಿದ್ದಾಯಿತು. ಮೋಟಾರಿಗೆ ಕರೆಂಟು ಎಷ್ಟು ಹೋಗಬೇಕು ಅಂತ ನೋಡಿಕೊಳ್ಳುವ ಕಂಟ್ರೋಲರ್ ಹೋಗಿದೆ, ಪಾರ್ಟ್ಸ್ ಬರಬೇಕು ಅಂದರು. ಬರಲಿಲ್ಲ, ಬರಲಿಲ್ಲ, ವಾರಗಟ್ಟಲೆ ಬರಲೇ ಇಲ್ಲ. ಕಂತಿನ ತಾರೀಕು ಮಾತ್ರ ತಪ್ಪದೇ ಬಂತು. ಫೈನಾನ್ಸ್‌ನವರು ಗಾಡಿ ಗ್ಯಾರೇಜಿನಲ್ಲಿದೆ ಅಂದರೆ ಕೇಳುತ್ತಾರಾ? ಅವನ ರೂಟ್ ಅಷ್ಟರಲ್ಲಿ ಬೇರೆಯವರ ಪಾಲಾಯಿತು. ಗಾಡಿ ವಾಪಸ್ ಬಂದ ಮೇಲೂ ಆ ಗಿರಾಕಿಗಳು ತಿರುಗಿ ಬರಲಿಲ್ಲ. ಈಗ ಆ ಗಾಡಿ ಅವರ ಮನೆ ಮುಂದೆ ಜಾಸ್ತಿ ಹೊತ್ತು ನಿಂತೇ ಇರುತ್ತದೆ, ಅವನು ಬೇರೆಯವರ ಪಿಕಪ್‌ಗೆ ಡ್ರೈವರ್ ಆಗಿ ಹೋಗುತ್ತಾನೆ.

ಮನೆಯ ಕಾರು ಒಂದು ವಾರ ನಿಂತರೆ ಬಸ್ಸಿನಲ್ಲಿ ಹೋಗಬಹುದು. ಗೂಡ್ಸ್ ಗಾಡಿ ಒಂದು ವಾರ ನಿಂತರೆ ಒಲೆ ಹೊತ್ತುವುದು ಕಷ್ಟ. ಟಾಟಾ ಏಸ್ 2005ರಲ್ಲಿ ಬಂದಾಗಿನಿಂದ ನಮ್ಮ ಜನ ಅದನ್ನು ನೆಚ್ಚಿಕೊಂಡಿರುವುದಕ್ಕೂ, ಬೊಲೆರೋ ಪಿಕಪ್ ಬಿಡದೇ ಇರುವುದಕ್ಕೂ ಕಾರಣ ಅವುಗಳ ಚೆಂದ ಅಲ್ಲ. ಯಾವ ಹೋಬಳಿಯಲ್ಲಿ ಕೆಟ್ಟು ನಿಂತರೂ ಅದರ ಸಾಮಾನು ಗೊತ್ತಿರುವ ಮೇಸ್ತ್ರಿ ಒಬ್ಬ ಸಿಗುತ್ತಾನೆ, ಪಾರ್ಟ್ಸ್ ಅಂಗಡಿಯವನು ಸಂಜೆಯೊಳಗೆ ತರಿಸಿ ಕೊಡುತ್ತಾನೆ. ಕೊರಿಯಾ ಕಂಪನಿ ಪೈಪೋಟಿ ಕೊಡಬೇಕಾಗಿರುವುದು ಇದರ ಜೊತೆ.

ಅವರಿಗೆ ಇದು ಹೊಸದೂ ಅಲ್ಲ. ಸ್ವಿಟ್ಜರ್ಲೆಂಡ್‌ನಲ್ಲಿ ಹುಂಡೈ ಮಾಡಿದ್ದನ್ನು ನೋಡಿ. ಎಕ್ಸೆಂಟ್ ಕಾರಿನ ಹೆಸರಿನ ಹಾಗೇ ಕೇಳಿಸುವ ಎಕ್ಸಿಯೆಂಟ್ ಅನ್ನುವ ಹೈಡ್ರೋಜನ್ ಲಾರಿಗಳನ್ನು 2020ರ ಜುಲೈನಲ್ಲಿ ಅಲ್ಲಿಗೆ ಕಳಿಸಿದರು, ಮೊದಲು ಹತ್ತು. ಅವನ್ನು ಮಾರಲಿಲ್ಲ. ಅಲ್ಲೇ ಪಾಲುದಾರರ ಜೊತೆ ಒಂದು ಕಂಪನಿ ಮಾಡಿ, ಓಡಿದಷ್ಟು ದುಡ್ಡು ಕೊಡಿ ಅಂದರು. ಕಿಲೋಮೀಟರಿಗೆ ಇಷ್ಟು ಅಂತ ಕೊಟ್ಟರೆ ಅದರಲ್ಲೇ ಲಾರಿ, ಹೈಡ್ರೋಜನ್, ಇನ್ಶೂರೆನ್ಸ್, ರಿಪೇರಿ ಎಲ್ಲಾ ಸೇರಿತು. ಅಂದರೆ ಲಾರಿ ಕೆಟ್ಟು ನಿಂತರೆ ನಷ್ಟದಲ್ಲಿ ಕಂಪನಿಗೂ ಪಾಲು. 2025ರೊಳಗೆ 1600 ಲಾರಿ ಅಂತ ಗುರಿ ಇಟ್ಟಿದ್ದರು, ಅಷ್ಟು ಆಗಲಿಲ್ಲ, 2024ರ ಮಧ್ಯಕ್ಕೆ ಅಲ್ಲಿದ್ದದ್ದು 48. ಆದರೆ ಆ 48 ಲಾರಿಗಳು ಸೇರಿ ಒಂದು ಕೋಟಿ ಕಿಲೋಮೀಟರ್ ಓಡಿದ್ದವು, ಅದೂ ಬೆಟ್ಟಗುಡ್ಡದ ದೇಶದಲ್ಲಿ. ಹೈಡ್ರೋಜನ್ ನಮಗೆ ಈಗ ಬೇಡ, ಅದಕ್ಕೆ ಬಂಕ್ ಎಲ್ಲಿದೆ? ನನಗೆ ಬೇಕಾಗಿರುವುದು ಆ ಲೆಕ್ಕದ ಪದ್ಧತಿ. ಶ್ರೀಮಂತ ದೇಶದ ದೊಡ್ಡ ದೊಡ್ಡ ಸೂಪರ್ ಮಾರ್ಕೆಟ್‌ಗಳ ಸಾಮಾನು ಸಾಗಿಸುವವರಿಗೆ ಕೊಟ್ಟ ಆ ಅನುಕೂಲವನ್ನು ಚಿಂತಾಮಣಿಯ ಹಾಲಿನ ಗಾಡಿಯವನಿಗೆ ಯಾಕೆ ಕೊಡಬಾರದು? ಕಿಲೋಮೀಟರಿಗೆ ಇಷ್ಟು, ಬ್ಯಾಟರಿ ಮತ್ತು ರಿಪೇರಿ ಕಂಪನಿಯದು, ಗಾಡಿ ನಿಂತರೆ ಆ ದಿನ ಕಂತಿಲ್ಲ. ಹೀಗೊಂದು ಯೋಜನೆ ತಂದರೆ ನಮ್ಮ ಹುಡುಗರು ಹೆದರದೇ ಎಲೆಕ್ಟ್ರಿಕ್ ಗಾಡಿ ಹಿಡಿಯುತ್ತಾರೆ.

ಹೊರದೇಶದ ದೊಡ್ಡ ಕಂಪನಿ ಬಂತು ಅಂದಮಾತ್ರಕ್ಕೆ ಎಲ್ಲಾ ಸರಿಹೋಗುತ್ತದೆ ಅಂತ ಕೋಲಾರದವರು ನಂಬುವುದಿಲ್ಲ, ಯಾಕೆಂದರೆ ಕಣ್ಣಾರೆ ಕಂಡಿದ್ದಾರೆ. ನರಸಾಪುರದಲ್ಲಿ ಸ್ವೀಡನ್ನಿನ ಲಾರಿ, ಬಸ್ಸು ಕಂಪನಿ ಸ್ಕ್ಯಾನಿಯಾ 2013ರಲ್ಲಿ ಕಾರ್ಖಾನೆ ತೆರೆಯಿತು. 2015ರಲ್ಲಿ ಬಸ್ಸಿನ ಘಟಕ. 2018ರಲ್ಲಿ ಬಸ್ಸು ಮಾಡುವುದು ನಿಲ್ಲಿಸಿತು. ಕೊರಿಯಾದ್ದೇ ಆದ ದೇವೂ ಕಥೆ ಇನ್ನೂ ಹಳೆಯದು. ಸಿಯೆಲೊ, ಮಾಟಿಜ್ ಅಂತ ಕಾರು ತಂದರು, 1999ರಲ್ಲಿ ಅಲ್ಲಿನ ಮೂಲ ಗುಂಪೇ ಕುಸಿಯಿತು, ಮುಂದೆ ಕೆಲವೇ ವರ್ಷಗಳಲ್ಲಿ ಇಲ್ಲಿನ ಕಾರ್ಖಾನೆಯೂ ನಿಂತಿತು. ತೆಗೆದುಕೊಂಡವರು ಪಾರ್ಟ್ಸ್‌ಗೆ ಅಲೆದರು. ಅದೇ ದೇವೂ ಲಾರಿ ವಿಭಾಗ ಮಾತ್ರ ಉಳಿಯಿತು. 2004ರಲ್ಲಿ ಅದನ್ನು ಕೊಂಡಿದ್ದು ನಮ್ಮ ಟಾಟಾದವರು. ಗುನ್ಸಾನ್‌ನಲ್ಲಿರುವ ಆ ಕಾರ್ಖಾನೆ ಇವತ್ತಿಗೂ ಟಾಟಾ ಕೈಯಲ್ಲಿ ನಡೆಯುತ್ತಿದೆ. ನಮ್ಮ ಹೆದ್ದಾರಿಯಲ್ಲಿ ಓಡುವ ಪ್ರೈಮಾ ಲಾರಿ ಹುಟ್ಟಿದ್ದರಲ್ಲಿ ಅಲ್ಲಿನ ಎಂಜಿನಿಯರುಗಳ ಪಾಲೂ ಇದೆ. ಕೊರಿಯಾದವರ ಲಾರಿ ವಿದ್ಯೆಯನ್ನು ನಾವು ಆಗಲೇ ಇಷ್ಟು ಉಪಯೋಗಿಸಿಕೊಂಡಿದ್ದೇವೆ. ಅವರು ಬಂದರೆ ಬೇಡ ಅನ್ನುವ ಮಾತೇ ಇಲ್ಲ. ಬಂದವರು ನಿಲ್ಲಬೇಕು, ನಿಲ್ಲುವ ಹಾಗೆ ಮೊದಲೇ ಬರೆಸಿಕೊಳ್ಳಬೇಕು.

ಬರೆಸಿಕೊಳ್ಳುವ ಅವಕಾಶ ರಾಜ್ಯ ಸರ್ಕಾರದ ಕೈಯಲ್ಲಿದೆ. ದೇಶದಲ್ಲಿ ಎಲೆಕ್ಟ್ರಿಕ್ ವಾಹನಕ್ಕೆ ಅಂತ ಮೊದಲು ನೀತಿ ಮಾಡಿದ್ದು ಕರ್ನಾಟಕ, 2017ರಲ್ಲಿ. ಈಗ 2025ರಿಂದ 2030ರವರೆಗೆ ಹೊಸ ನೀತಿ ಬಂದಿದೆ, ಅದರಲ್ಲಿ ಗೌರಿಬಿದನೂರು, ಧಾರವಾಡ, ಹಾರೋಹಳ್ಳಿ ಮೂರು ಕಡೆ ಕ್ಲಸ್ಟರ್, ಅಂದರೆ ಇಂಥ ಕಾರ್ಖಾನೆಗಳು ಒಟ್ಟಿಗೆ ಇರುವ ಜಾಗ, ಅಂತ ಹೇಳಿದ್ದಾರೆ. ಗೌರಿಬಿದನೂರು ನಮ್ಮ ಜಿಲ್ಲೆ. ಅಲ್ಲಿಂದ ಹಿಂದೂಪುರ ದಾಟಿದರೆ ಪೆನುಕೊಂಡ. ಕಿಯಾಕ್ಕೆ ಬಿಡಿಭಾಗ ಕೊಡುವ ಕೊರಿಯಾ ಕಂಪನಿಗಳು ಆ ಸುತ್ತಮುತ್ತ ಈಗಾಗಲೇ ಇವೆ. ಇದಕ್ಕಿಂತ ಒಳ್ಳೆ ಜಾಗ ಬೇಕಾ? ಕಾರು ಕಾರ್ಖಾನೆ ಆಂಧ್ರಕ್ಕೆ ಹೋಯಿತು, ಆಗಿದ್ದಾಯಿತು. ಗೂಡ್ಸ್ ಗಾಡಿಯ ಕೆಲಸವನ್ನಾದರೂ ಗೌರಿಬಿದನೂರಿಗೆ ಕೇಳಿ ತರಬೇಕು ಅನ್ನುವುದು ನನ್ನ ಆಸೆ.

ಆದರೆ ಜಮೀನು, ತೆರಿಗೆ ರಿಯಾಯಿತಿ ಕೊಡುವಾಗ ಎಷ್ಟು ಕೋಟಿ, ಎಷ್ಟು ಉದ್ಯೋಗ ಅಂತ ಕೇಳಿ ಮುಗಿಸಬೇಡಿ ಅಂತ ಕೈಗಾರಿಕಾ ಸಚಿವರಿಗೆ ನಮ್ಮ ಶಾಸಕರು ಹೇಳಬೇಕು. ಸಬ್ಸಿಡಿ ಬೇಕೆನ್ನುವ ಯಾವ ಕಂಪನಿಯೇ ಆಗಲಿ, ಗಾಡಿ ಮಾರುವ ಪ್ರತಿ ತಾಲ್ಲೂಕಿನಲ್ಲೂ ಒಂದು ಸರ್ವಿಸ್ ಜಾಗ ಇಡಬೇಕು. ಮೋಟಾರು, ಕಂಟ್ರೋಲರ್, ಚಾರ್ಜರ್ ಈ ಮೂರರ ಸ್ಟಾಕ್ ಜಿಲ್ಲೆಯಲ್ಲೇ ಇರಬೇಕು. ಇಷ್ಟು ದಿನದೊಳಗೆ ರಿಪೇರಿ ಆಗದಿದ್ದರೆ ಬದಲಿ ಗಾಡಿ ಕೊಡಬೇಕು. ನಮ್ಮ ತಾಲ್ಲೂಕಿನ ಐಟಿಐ ಹುಡುಗರಿಗೆ ಕಾರ್ಖಾನೆಯವರೇ ಬಂದು ಕಲಿಸಬೇಕು, ಹುಡುಗರಿಗೆ ಮಾತ್ರ ಅಲ್ಲ, ಮೂವತ್ತು ವರ್ಷದಿಂದ ಗ್ರೀಸು ಮೆತ್ತಿಕೊಂಡು ಕೆಲಸ ಮಾಡುತ್ತಿರುವ ನಮ್ಮ ಮೇಸ್ತ್ರಿಗಳಿಗೂ ಕಲಿಸಿ, ಅವರು ಬಿಚ್ಚಿದರೆ ವಾರಂಟಿ ಹೋಗುವುದಿಲ್ಲ ಅಂತ ಒಂದು ಕಾರ್ಡು ಕೊಡಬೇಕು. ಆ ಮೇಸ್ತ್ರಿಗಳನ್ನು ಬಿಟ್ಟು ಯಾವ ಗಾಡಿಯೂ ಈ ಸೀಮೆಯಲ್ಲಿ ಗೆದ್ದಿಲ್ಲ.

ಇದನ್ನು ಕೇಳುವ ಹಕ್ಕು ನಮಗಿದೆ ಅಂತಲೇ ನಾನು ಭಾವಿಸುತ್ತೇನೆ. 2024ರ ಅಕ್ಟೋಬರ್‌ನಲ್ಲಿ ಹುಂಡೈನ ಭಾರತದ ಕಂಪನಿ ಷೇರು ಮಾರುಕಟ್ಟೆಗೆ ಬಂದಾಗ ಎತ್ತಿದ್ದು 27,870 ಕೋಟಿ ರೂಪಾಯಿ, ಆವರೆಗೆ ದೇಶ ಕಂಡ ಅತಿ ದೊಡ್ಡ ಐಪಿಒ ಅದು. ಹೊಸ ಷೇರು ಒಂದೂ ಇರಲಿಲ್ಲ, ಮೂಲ ಕಂಪನಿ ತನ್ನ ಪಾಲನ್ನು ಮಾರಿತು, ದುಡ್ಡು ಕೊರಿಯಾಕ್ಕೆ ಹೋಯಿತು. ಅದು ಅವರ ಹಕ್ಕು, ತಪ್ಪಲ್ಲ. ಈ ದೇಶದ ಜನ ಇಪ್ಪತ್ತೈದು ವರ್ಷ ಅವರ ಕಾರು ಕೊಂಡು ಕಟ್ಟಿಕೊಟ್ಟ ಬೆಲೆ ಅದು. ಅದರಲ್ಲಿ ಒಂದು ಚೂರನ್ನು ತಾಲ್ಲೂಕು ಮಟ್ಟದ ಗ್ಯಾರೇಜುಗಳಿಗೆ ಹಾಕಿ ಅಂದರೆ ಅದು ದುರಾಸೆ ಅನ್ನಿಸುವುದಿಲ್ಲ ನನಗೆ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಮುಂದಿನ ಸಲ ಈ ಕಂಪನಿಯವರು ಬೆಂಗಳೂರಿನಲ್ಲಿ ಹೊಸ ಗಾಡಿ ತೋರಿಸಲು ಕರೆದಾಗ ನಿಮ್ಮ ವರದಿಗಾರರು ಎರಡು ಪ್ರಶ್ನೆ ಕೇಳಲಿ. ಈ ಗಾಡಿ ಬಾಗೇಪಲ್ಲಿ ಹತ್ತಿರ ರಾತ್ರಿ ನಿಂತರೆ ಯಾರು ಬರುತ್ತಾರೆ? ಅದರ ಕಂಟ್ರೋಲರ್ ಹತ್ತಿರದಲ್ಲಿ ಯಾವ ಊರಿನಲ್ಲಿ ಸಿಗುತ್ತದೆ? ಅವರು ಕೊಟ್ಟ ಉತ್ತರವನ್ನು ಬೆಲೆಯ ಪಕ್ಕದಲ್ಲೇ ಅಚ್ಚು ಹಾಕಿ. ಹಾಗೇ ನಮ್ಮ ಜಿಲ್ಲೆಯ ಹಾಲು ಒಕ್ಕೂಟದವರು ಒಂದೆರಡು ರೂಟ್‌ನಲ್ಲಿ ಎಲೆಕ್ಟ್ರಿಕ್ ಗಾಡಿ ಇಟ್ಟು ನೋಡಲು ಮುಂದೆ ಬಂದರೆ, ಅದರ ಖರ್ಚು, ಕೆಟ್ಟು ನಿಂತ ದಿನ, ಉಳಿದ ಡೀಸೆಲ್ ಎಲ್ಲದರ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿದರೆ, ನನ್ನಂಥ ಗಾಡಿಯವರು ಅದನ್ನು ನೋಡಿ ಮುಂದಿನ ಗಾಡಿ ಯಾವುದು ಅಂತ ತೀರ್ಮಾನ ಮಾಡುತ್ತೇವೆ. ನನ್ನ ಪಿಕಪ್‌ನ ಕಂತು ಮುಂದಿನ ವರ್ಷ ಮುಗಿಯುತ್ತದೆ.

ಇಂತಿ,
ಒಬ್ಬ ಗೂಡ್ಸ್ ಗಾಡಿ ಮಾಲೀಕ,
ಚಿಂತಾಮಣಿ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ